ಸಂತಪುರದಲ್ಲಿ ಒಂದು ಖರ್ಜೂರ

ಸಂತಪುರ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕೂತು ನನ್ನ ಕಾದಂಬರಿಯ ನಾಲ್ಕನೆಯ ಕರಡನ್ನೂ ಹರಿದುಹಾಕಿದೆ. ನಾನೂರು ವರ್ಷಗಳ ಹಿಂದೆ ಧರ್ಮಕ್ಕಾಗಿ ಇಂಗ್ಲೆಂಡ್ ಬಿಟ್ಟು ಅಮೆರಿಕಕ್ಕೆ ಹಡಗೇರಿದ, ಚರಿತ್ರೆಯಲ್ಲಿ 'ಯಾತ್ರಿಕರು' ಎಂದೇ ಹೆಸರಾದ ಜನ ಬೇರೆ ದಡದಲ್ಲಿ ಇಳಿದಿದ್ದರೆ ಅಲ್ಲಿನ ಮೂಲನಿವಾಸಿಗಳು ಉಳಿಯುತ್ತಿದ್ದರೇ ಎಂಬುದು ಅದರ ಕತೆ. ದಡ ಬದಲಿಸಿದಾಗಲೆಲ್ಲ ಸಾಯುವ ಬುಡಕಟ್ಟಿನ ಹೆಸರು ಬದಲಾಗುತ್ತಿತ್ತು, ಅಷ್ಟೇ.

ಅಂಗಡಿಯ ಶಾಹೀದಾಬಿ ಚಹಾದ ಜೊತೆ ಒಂದು ಖರ್ಜೂರ ಇಟ್ಟರು. "ತಗೋರಿ ಸರ್, ನಮ್ಮ ಭಾಯಿಜಾನ್ ಹಜ್ ಮುಗಿಸಿ ಬಂದಾರ್ರಿ."

ನಾನು ಬರೆಯುವುದೂ ಯಾತ್ರಿಕರ ಕತೆಯೇ ಎಂದು ಎಲ್ಲ ಹೇಳಿದೆ.

"ಅವರು ತಿರುಗಿ ಬರುವಾಗ ಊರಿಗಿ ಏನ್ ತಂದ್ರರಿ?"

"ತಿರುಗಿ ಬರಲೇ ಇಲ್ಲ. ಅಲ್ಲೇ ಉಳಿದರು."

ಚಹಾ ಸೋಸುತ್ತಿದ್ದ ಅವರ ಕೈ ನಿಂತಿತು. "ಯಾತ್ರಾಕ್ಕ ಹೋದವರು ಮನಿಗಿ ಬರ್ತಾರ್ರಿ. ಮತ್ತ ಇವರಿಗಿ ಯಾತ್ರಿಕರು ಅಂತ ಯಾಕ ಅಂತೀರಿ?"

ಇಷ್ಟು ವರ್ಷ ಅಮೆರಿಕದ ಕರಾವಳಿಯನ್ನೆಲ್ಲ ತಡಕಾಡಿದ್ದೆ. ಈ ಪದವನ್ನು ಮಾತ್ರ ಅನುಮಾನಿಸಿರಲಿಲ್ಲ. ಆ ಪದದ ಮರ್ಯಾದೆ ಉಳಿಸುವವನಂತೆ, "ಅವರನ್ನು ತಂದ ಹಡಗು ವಾಪಸ್ ಹೋಯಿತು" ಎಂದೆ.

"ಅವರಿಗಿ ಕರಕೊಂಡು ಹೋತೇನ್ರಿ?"

ನಾನು ಕಾಯುತ್ತಿದ್ದ ಔರಾದ್ ಬಸ್ ಹಾರ್ನ್ ಹೊಡೆಯಿತು. ಖರ್ಜೂರವನ್ನು ಕೈಯಲ್ಲಿ ಹಿಡಿದೇ ಎದ್ದೆ. ನಾಲ್ಕು ಕರಡುಗಳಲ್ಲಿ ನಾಲ್ಕು ದಡ ಬರೆದಿದ್ದೆ. ನಾಲ್ಕರಿಂದಲೂ ಹಡಗು ಅವರನ್ನು ಬಿಟ್ಟೇ ಹೋಗಿತ್ತು.