ಎಡತೋಳಿನ ವೀಳ್ಯದೆಲೆ

ಕಾಂತಿಯಕ್ಕನ ಮೊಬೈಲಿನಲ್ಲಿ ರವಿಕೆ ಬಿಟ್ಟರೆ ಬೇರೇನೂ ಬರುವುದಿಲ್ಲ. ಬಾರದ ಹಾಗೆ ಮಾಡಿಟ್ಟವರು ಅವರೇ. ಸಿದ್ಧಕಟ್ಟೆ ಪೇಟೆಯಲ್ಲಿ ನನ್ನ ಝೆರಾಕ್ಸ್ ಅಂಗಡಿಗೂ ಅವರ ಟೈಲರ್ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ ಮಾತ್ರ. ಹನ್ನೊಂದು ವರ್ಷದಿಂದ ಅವರ ಮಿಷನಿನ ಸದ್ದೂ ಬೈಗುಳವೂ ನನಗೆ ಪುಕ್ಕಟೆ ಸಿಗುತ್ತಿವೆ. ಬೈಗುಳದಲ್ಲಿ ಅರ್ಧ ಪಾಲು ಮೊಬೈಲಿಗೆ.

ಗಲ್ಫಿನಲ್ಲಿರುವ ಅವರ ತಮ್ಮ ರಜೆಗೆ ಬಂದಾಗ ಕೊಟ್ಟು ಹೋದ ಮೊಬೈಲ್ ಅದು. ಮೊದಮೊದಲು ತೆರೆದರೆ ಸಾಕು, ಚುನಾವಣೆಯ ಜಗಳ, ಸಕ್ಕರೆ ಕಾಯಿಲೆಗೆ ಕಷಾಯ, ನಾಯಿಮರಿ, ಯಾರದೋ ಹೆಂಡತಿಯ ಕುಣಿತ. ಕರೆಯದವರೆಲ್ಲ ಜಗಲಿಗೆ ಬಂದು ಕೂತ ಹಾಗಾಯಿತಲ್ಲ ಎಂದು ಅವರು ಸಿಡಿಮಿಡಿಗೊಂಡಾಗ, ಮೂಲೆಯ ಮೂರು ಚುಕ್ಕೆ ಒತ್ತಿ ‘ಆಸಕ್ತಿ ಇಲ್ಲ’ ಎಂದು ಹೇಳುವುದನ್ನು ತೋರಿಸಿಕೊಟ್ಟವನು ನಾನು. ಅಂದಿನಿಂದ ಅವರು ಆ ಯಂತ್ರವನ್ನು ಹೊಲಿಗೆ ಕಲಿಯಲು ಬಂದ ಹುಡುಗಿಯನ್ನು ತಿದ್ದುವ ಹಾಗೆ ತಿದ್ದಿದರು. ಬೇಡದ್ದು ಬಂದರೆ ಗಟ್ಟಿಯಾಗಿ ಬೈದು ಓಡಿಸುವುದು, ಒಳ್ಳೆಯ ಕುತ್ತಿಗೆಯ ರವಿಕೆ ಬಂದರೆ ನಿಂತು ನೋಡಿ ಸೇವ್ ಮಾಡುವುದು. ಎರಡು ತಿಂಗಳಲ್ಲಿ ಅದು ದಾರಿಗೆ ಬಂತು. ನನ್ನ ಮೊಬೈಲ್ ಇಂದಿಗೂ ದಾರಿಗೆ ಬಂದಿಲ್ಲ.

ಸೇವ್ ಮಾಡಿದ್ದನ್ನು ಅವರು ಪೆಟ್ಟಿಗೆಪೆಟ್ಟಿಗೆಯಾಗಿ ವಿಂಗಡಿಸಿ ಇಟ್ಟಿದ್ದಾರೆ. ಪೆಟ್ಟಿಗೆಗಳಿಗೆ ಡಿಸೈನಿನ ಹೆಸರಿಲ್ಲ, ಗಿರಾಕಿಗಳ ಹೆಸರು. ‘ವಾರಿಜಾಕ್ಷಿ ಟೀಚರ್’ ಒಂದು. ‘ದಪ್ಪ ತೋಳಿನವರು’ ಒಂದು. ‘ಹೇಳಿದರೂ ಕೇಳದವರು’ ಎಂಬುದು ಎಲ್ಲಕ್ಕಿಂತ ದೊಡ್ಡದು. ಒಟ್ಟು ಮೂರು ಸಾವಿರಕ್ಕೂ ಮಿಕ್ಕಿ ರವಿಕೆಗಳು. ಆದರೆ ಸ್ವಂತದ್ದು ಎಂದು ಅವರು ಹಾಕಿದ ಪೋಸ್ಟ್ ಒಂದೂ ಇಲ್ಲ, ಸೊನ್ನೆ. ಹೆಸರಿನ ಪಕ್ಕದಲ್ಲಿ ದಾಸವಾಳದ ಹೂವಿನ ಚಿತ್ರ. ಹೊಲಿದದ್ದನ್ನೂ ಒಂದೆರಡು ಹಾಕಿ ಎಂದು ನಾನು ಹೇಳಿ ಸೋತೆ. ಹೊಲಿದದ್ದು ಮೈಮೇಲೆ ಸರಿಯಾಗಿ ಕೂತರೆ ಊರಿಗೇ ಗೊತ್ತಾಗುತ್ತದೆ, ಡಂಗುರ ಯಾಕೆ ಎಂಬುದು ಅವರ ವಾದ. ಆ ವಾದವನ್ನು ನಾನು ಒಪ್ಪಿ ಸುಮ್ಮನಾದೆನಲ್ಲ, ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟಿದೆ.

ಆ ಪೆಟ್ಟಿಗೆಗಳಲ್ಲಿ ‘ನಿಖಿತಾ ಧಾರೆ’ ಎಂಬುದೂ ಒಂದು. ನಿಖಿತಾ ನಮ್ಮೂರಿನ ಹುಡುಗಿ. ಒಂದನೇ ಕ್ಲಾಸಿನ ಯೂನಿಫಾರ್ಮಿನಿಂದ ಹಿಡಿದು ಕಾಲೇಜಿನ ಚೂಡಿದಾರದವರೆಗೆ ಅವಳ ಮೈಗೆ ಏರಿದ್ದೆಲ್ಲ ಕಾಂತಿಯಕ್ಕನ ಕೈಯದ್ದು. ಕಳೆದ ವರ್ಷ ಮದುವೆ ನಿಶ್ಚಯವಾದಾಗ ಧಾರೆ ಸೀರೆಯ ರವಿಕೆಗೆಂದು ಇಬ್ಬರೂ ಬೆಂಚಿನಲ್ಲಿ ಕೂತು ಒಂದು ವಾರ ಮೊಬೈಲ್ ತಿರುವಿದರು. ಕುತ್ತಿಗೆ ಒಂದರದ್ದು, ತೋಳಿನ ಅಂಚು ಇನ್ನೊಂದರದ್ದು, ಉಳಿದದ್ದು ಕಾಂತಿಯಕ್ಕನ ತಲೆಯದ್ದು. ಇಪ್ಪತ್ತೆರಡು ದಿನ ಚೌಕಟ್ಟಿಗೆ ಬಿಗಿದು ಜರಿಯ ಕೆಲಸ ಮಾಡಿದರು. ಕೊನೆಯ ಇಸ್ತ್ರಿಯ ಹೊತ್ತಿಗೆ ಎಡವಟ್ಟಾಯಿತು. ಹೊರಗೆ ಯಾರೋ ಕರೆದರೆಂದು ಒಂದು ಗಳಿಗೆ ತಿರುಗಿದ್ದಕ್ಕೆ ಎಡತೋಳಿನಲ್ಲಿ ಗೇರುಬೀಜದಷ್ಟು ದೊಡ್ಡ ಸುಟ್ಟ ಕಲೆ ಬಿತ್ತು.

ಮದುವೆಗೆ ಮೂರು ದಿನ ಉಳಿದಿತ್ತು. ಕಾಂತಿಯಕ್ಕ ನಿಖಿತಾಳನ್ನು ಕರೆಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೇರೆ ತುಂಡು ಬಟ್ಟೆಯ ಮೇಲೆ ಜರಿಯಲ್ಲಿ ಒಂದು ವೀಳ್ಯದೆಲೆ ಮಾಡಿ, ಕಲೆಯ ಮೇಲೆ ಇಟ್ಟು ಹೊಲಿದರು. ಬಲತೋಳಿಗೂ ಒಂದು ಮಾಡಲು ಜರಿ ಸಾಲಲಿಲ್ಲ. ಒಂದೇ ಕಡೆ ಇದ್ದರೇ ಚಂದ ಎಂದು ನಿಖಿತಾ ಕುಣಿದಾಡಿದಳು. ತಪ್ಪು ತಮ್ಮದು ಎಂದು ಕಾಂತಿಯಕ್ಕ ಆ ಎಲೆಗೆ ಕೂಲಿ ತೆಗೆದುಕೊಳ್ಳಲಿಲ್ಲ.

ಮದುವೆ ಕಳೆದು ಇಪ್ಪತ್ತು ದಿನವಾಗಿತ್ತು. ಅಷ್ಟು ಶ್ರದ್ಧೆಯಿಂದ ತಿದ್ದಿದ ಮೊಬೈಲ್ ಒಂದು ಮಧ್ಯಾಹ್ನ ಕಾಂತಿಯಕ್ಕನದೇ ರವಿಕೆಯನ್ನು ತಂದು ಅವರ ಮುಂದೆ ಇಟ್ಟಿತು. ಬಳೆ ತುಂಬಿದ ಕೈಯಿಂದ ನಿಖಿತಾ ಎಡತೋಳನ್ನು ಹಿಡಿದು ನಿಂತ ಫೋಟೋ. ಕೆಳಗೆ ಅವಳೇ ಬರೆದು ಹಾಕಿದ, ಮೂಡುಬಿದಿರೆಯ ಒಂದು ಬ್ರೈಡಲ್ ಸ್ಟುಡಿಯೋದ ಹೆಸರು: ಮೇಕಪ್ ಅವರದು, ಕೂದಲು ಅವರದು, ರವಿಕೆಯ ಡಿಸೈನೂ ಹೊಲಿಗೆಯೂ ಅವರದೇ. ಸ್ಟುಡಿಯೋದವರು ತಮ್ಮ ಪೇಜಿನಲ್ಲಿ ಅದನ್ನೇ ಹಾಕಿ, ಒಂದೇ ತೋಳಿಗೆ ಎಲೆ ಇಡುವುದು ನಮ್ಮದೇ ವಿಶೇಷ ಕಲ್ಪನೆ ಎಂದು ಬರೆದುಕೊಂಡಿದ್ದರು. ಎಂಟು ಸಾವಿರ ಜನ ಸೇವ್ ಮಾಡಿದ್ದರು. ನಾಚಿಕೆ ಎಂಬುದನ್ನು ಇವರು ಯಾವ ಅಂಗಡಿಯಲ್ಲಿ ಮಾರಿ ಬಂದರೋ.

ಕಾಂತಿಯಕ್ಕ ಆ ದಿನ ಮಿಷನ್ ತುಳಿಯಲಿಲ್ಲ. ಆ ಫೋಟೋ ತೆರೆಯುವುದು, ದೊಡ್ಡದು ಮಾಡಿ ಎಲೆಯ ನರಗಳನ್ನು ನೋಡುವುದು, ಮುಚ್ಚುವುದು, ಮತ್ತೆ ತೆರೆಯುವುದು. ಸಿಟ್ಟಿನಿಂದ ನೋಡಿದರೂ ಆಸೆಯಿಂದ ನೋಡಿದರೂ ಆ ಯಂತ್ರಕ್ಕೆ ಒಂದೇ ಲೆಕ್ಕ. ಇವರಿಗೆ ಇದು ಬಹಳ ಇಷ್ಟವಾಗಿದೆ ಎಂದುಕೊಂಡು ಮರುದಿನದಿಂದ ಸ್ಟುಡಿಯೋದ ಸರಕನ್ನೆಲ್ಲ ತಂದು ಸುರಿಯತೊಡಗಿತು. ಎಷ್ಟು ಸಲ ‘ಆಸಕ್ತಿ ಇಲ್ಲ’ ಎಂದರೂ ಕೇಳಲಿಲ್ಲ.

ಕೊನೆಗೆ ಅವರು ಸ್ಟುಡಿಯೋದ ಪೇಜಿನಲ್ಲಿ ಆ ಫೋಟೋದ ಕೆಳಗೆ ಬರೆದರು: ‘ಇದು ನಾನು ಹೊಲಿದದ್ದು. ಕಾಂತಿ, ಸಿದ್ಧಕಟ್ಟೆ.’ ಕೆಳಗೆ ಯಾರೋ ನಗುವ ಮುಖಗಳನ್ನು ಹಾಕಿದರು. ಒಂದು ಪೋಸ್ಟೂ ಇಲ್ಲದ ದಾಸವಾಳದ ಖಾತೆ, ಫೇಕ್ ಇರಬೇಕು ಎಂದು ಇನ್ಯಾರೋ ಬರೆದರು. ಸಂಜೆಯೊಳಗೆ ಸ್ಟುಡಿಯೋದವರು ಆ ಸಾಲನ್ನು ಅಳಿಸಿ ಅವರನ್ನು ಬ್ಲಾಕ್ ಮಾಡಿದರು. ಕಾಂತಿಯಕ್ಕ ನಿಖಿತಾಳಿಗೆ ಮೂರು ಸಲ ಫೋನ್ ಮಾಡಿದರು. ಅವಳು ಎತ್ತಲಿಲ್ಲ.

ಇದಕ್ಕಿಂತ ಹೆಚ್ಚು ಉರಿದದ್ದು ಮುಂದಿನ ವಾರ. ವೇಣೂರಿನ ಕಡೆಯಿಂದ ವಿಸ್ಮಿತಾ ಎಂಬ ಹುಡುಗಿ ಮದುವೆಯ ರವಿಕೆ ಹೊಲಿಸಲು ಬಂದಳು. ಅವಳು ಸೇವ್ ಮಾಡಿ ತಂದದ್ದೂ ಅದೇ ಎಲೆಯ ಫೋಟೋ. ಇದರ ಹಾಗೆಯೇ ಬೇಕು, ನಿಮಗೆ ಆಗಬಹುದಾ ಎಂದು ಕೇಳಿದಳು. ಅದನ್ನು ಹೊಲಿದವಳೇ ನಾನು ಎಂದು ಕಾಂತಿಯಕ್ಕ ಹೇಳಿದರು. ಹುಡುಗಿ ‘ಹೌದಾ’ ಎಂದು ಮರ್ಯಾದೆಯಿಂದ ನಕ್ಕಳು. ಆ ನಗುವನ್ನು ನಾನು ಹಲಗೆಯ ಸಂದಿನಿಂದ ನೋಡಿದೆ. ಸುಳ್ಳು ಹೇಳುವ ಹಿರಿಯರನ್ನು ಕಂಡಾಗ ಒಳ್ಳೆಯ ಮನೆಯ ಮಕ್ಕಳು ನಗುವ ನಗು ಅದು. ಅವಳು ಸೀರೆಯನ್ನು ಮಡಚಿಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದಳು. ಮೂವತ್ತು ವರ್ಷ ಮಿಷನ್ ತುಳಿದ ಹೆಂಗಸು ತಮ್ಮ ಅಂಗಡಿಯಲ್ಲೇ ಕಳ್ಳಿಯ ಹಾಗೆ ನಿಂತಿದ್ದರು.

ಮೂರು ತಿಂಗಳ ಮೇಲೆ ನಿಖಿತಾ ಬಂದಳು. ಮೈ ಸ್ವಲ್ಪ ತುಂಬಿಕೊಂಡಿತ್ತು. ಗಂಡನ ತಂಗಿಯ ನಿಶ್ಚಿತಾರ್ಥಕ್ಕೆ ಅದೇ ರವಿಕೆ ಹಾಕಬೇಕು, ಬಿಗಿಯಾಗುತ್ತದೆ. ಮೊದಲು ಸ್ಟುಡಿಯೋಕ್ಕೇ ಹೋಗಿದ್ದಳಂತೆ. ಬಿಚ್ಚಿದರೆ ಜರಿಯ ಕೆಲಸ ಹಾಳಾಗುತ್ತದೆ, ನಾವು ಮುಟ್ಟುವುದಿಲ್ಲ ಎಂದರಂತೆ. ಹೊಲಿದವರಾದರೆ ತಾನೇ ಅವರಿಗೆ ಗೊತ್ತಿರುವುದು, ಒಳಗೆ ಎರಡೂ ಬದಿಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿದೆ ಎಂದು. ನಾನು ನನ್ನ ಅಂಗಡಿ ಬಿಟ್ಟು ಅವರ ಬಾಗಿಲಲ್ಲಿ ಹೋಗಿ ನಿಂತೆ. ಕರೆದಿರಲಿಲ್ಲ, ಆದರೂ ನಿಂತೆ.

ಕಾಂತಿಯಕ್ಕ ರವಿಕೆಯನ್ನು ತಿರುಗಿಸಿ ಮಗ್ಗುಲು ಬಿಚ್ಚಿದರು, ಬಟ್ಟೆ ಬಿಟ್ಟು ಮತ್ತೆ ಹೊಲಿದರು. ಆಮೇಲೆ ಕೇಳಿದರು:

“ಇದನ್ನು ಹೊಲಿದದ್ದು ಯಾರು ನಿಖಿತಾ?”

“ನೀವೇ ಅಲ್ವಾ ಕಾಂತಿಯಕ್ಕ.”

“ಇಲ್ಲಿ ಹೇಳ್ತಿ. ಅಲ್ಲಿ ಯಾಕೆ ಹೇಳ್ಲಿಲ್ಲ?”

ನಿಖಿತಾ ನೆಲ ನೋಡಿದಳು. ರವಿಕೆಗೂ ನಮ್ಮ ಹೆಸರು ಹಾಕಿದರೆ ಮೇಕಪ್ಪಿನ ಹಣದಲ್ಲಿ ಕಡಿಮೆ ಮಾಡಿಕೊಡುತ್ತೇವೆ ಎಂದು ಸ್ಟುಡಿಯೋದವರು ಹೇಳಿದ್ದರಂತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತೋ ಏನೋ. ಅವಳು ನಿಲ್ಲಿಸಲಿಲ್ಲ.

“ಮತ್ತೆ... ಸಿದ್ಧಕಟ್ಟೆಯ ಟೈಲರ್ ಅಂತ ಹಾಕಿದ್ರೆ ಫೋಟೋದ ಕೆಳಗೆ ಚಂದ ಕಾಣುದಿಲ್ಲ ಅಂತ ಫ್ರೆಂಡ್ಸೆಲ್ಲ ಹೇಳಿದ್ರು.”

ನನ್ನ ಬಾಯಿಗೆ ಬಂದದ್ದನ್ನು ನಾನು ನುಂಗಿಕೊಂಡೆ. ಕಾಂತಿಯಕ್ಕ ನುಂಗಲಿಲ್ಲ, ಬೈಯಲೂ ಇಲ್ಲ. ಬ್ಲೇಡು ತೆಗೆದುಕೊಂಡು, ರವಿಕೆಯ ಎಡತೋಳನ್ನು ಬೆರಳಿನ ಮೇಲೆ ಹರಡಿ, ವೀಳ್ಯದೆಲೆಯ ಸುತ್ತಲಿನ ಹೊಲಿಗೆಯನ್ನು ಒಂದೊಂದಾಗಿ ಕೊಯ್ಯತೊಡಗಿದರು.

“ಕಾಂತಿಯಕ್ಕ, ಬೇಡ. ಸೋಮವಾರಕ್ಕೆ ಹಾಕ್ಲಿಕ್ಕೆ ಉಂಟು.”

“ರವಿಕೆ ನಿನ್ನದು. ಅದಕ್ಕೆ ಕೂಲಿ ತಗೊಂಡಿದ್ದೇನೆ. ಎಲೆಗೆ ತಗೊಳ್ಳಲಿಲ್ಲ. ಎಲೆ ನನ್ನದು.”

ಎಲೆ ಎದ್ದು ಬಂತು. ಅದರ ಅಡಿಯಲ್ಲಿ ಸುಟ್ಟ ಕಲೆ ಹಾಗೆಯೇ ಇತ್ತು, ನಡುವೆ ಕಪ್ಪು, ಸುತ್ತ ಕಂದು. ನಿಖಿತಾ ಅಳುತ್ತಿದ್ದಳು. ಕಾಂತಿಯಕ್ಕ ಅವಳ ಕೈ ಹಿಡಿದು ಬೆಳಕಿನ ಕಡೆಗೆ ಎಳೆದರು, ರವಿಕೆಯ ತೋಳನ್ನು ಅವಳ ಬೆರಳುಗಳಿಗೇ ಕೊಟ್ಟು, ಹೀಗೆ ಹಿಡಿ, ಫೋಟೋಕ್ಕೆ ನಿಂತಾಗ ಹಿಡಿದಿದ್ದೆಯಲ್ಲ, ಹಾಗೆಯೇ ಎಂದರು. ಎಂಟು ಸಾವಿರ ಜನ ಸೇವ್ ಮಾಡಿದ ಅದೇ ಕೈ, ಅದೇ ಮದುವೆಯ ಬಳೆಗಳು. ಕಾಂತಿಯಕ್ಕ ತಮ್ಮ ಮೊಬೈಲಿನಲ್ಲಿ ಒಂದೇ ಒಂದು ಫೋಟೋ ತೆಗೆದರು.

“ಶಂಭು, ಇದನ್ನು ಹಾಕುವುದು ಹೇಗೆ, ತೋರಿಸು ಮಾರಾಯ.”

ತೋರಿಸಿದೆ. ಟೈಪ್ ಮಾಡಿ ಕೊಡಲಾ ಎಂದದ್ದಕ್ಕೆ ನನ್ನ ಕೈ ತಳ್ಳಿದರು. ತೋರುಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಅವರೇ ಒತ್ತಿದರು: ‘ಎಲೆ ಯಾರದ್ದು ಅಂತ ಯಾರು ಬೇಕಾದರೂ ಹೇಳಿಕೊಳ್ಳಲಿ. ಅದರ ಅಡಿಯಲ್ಲಿ ಸುಟ್ಟದ್ದು ನಾನು. ಕಾಂತಿ ಟೈಲರ್, ಸಿದ್ಧಕಟ್ಟೆ.’

ಆಮೇಲೆ ಸೂಜಿಗೆ ನೂಲು ಪೋಣಿಸಿಕೊಂಡು ಎಲೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಹೊಲಿಯಲು ಕೂತರು. ಈ ಸಲ ಅದಕ್ಕೂ ಕೂಲಿ ತೆಗೆದುಕೊಂಡರು.