ಹೆರಿಗೆ ಕೋಣೆಯ ಲೈಟು

ತೊಂಬತ್ತರ ದಶಕದಲ್ಲಿ ನಾನು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಹೆರಿಗೆ ಕೋಣೆಯ ಲೈಟು ಕೆಟ್ಟಿದೆಯೆಂದು ಒಮ್ಮೆ ಕರೆದರು. ಹೊರಗೆ ಕಾಯುತ್ತಿದ್ದವನೊಬ್ಬ ನನ್ನ ಏಣಿಯನ್ನು ಬಾಗಿಲವರೆಗೆ ಹೊತ್ತುಕೊಟ್ಟ. ಒಳಗೆ ಅವನ ಹೆಂಡತಿ ಮೈಮೇಲೆ ಸರಿಯಾಗಿ ಬಟ್ಟೆಯಿಲ್ಲದೆ ನರಳುತ್ತಿದ್ದಳು. ನನ್ನನ್ನು ಕಂಡು ಮುಖ ಮುಚ್ಚಿಕೊಂಡಳು.

"ಸಿಸ್ಟರ್, ನಮ್ಮ ಯಜಮಾನ್ರನ್ನ ಕರೀರಿ."

"ಗಂಡಸರನ್ನ ಒಳಗೆ ಬಿಡಲ್ಲಮ್ಮ," ಎಂದಳು ನರ್ಸ್.

"ಮತ್ತೆ ನಾನ್ಯಾರು?" ಎಂದೆ.

"ನೀವು ಎಲೆಕ್ಟ್ರಿಷಿಯನ್. ಬೇಗ ಮುಗಿಸಿ ಮಾರಾಯ್ರೆ."

ಆ ಹೆಂಗಸು ಮತ್ತೆ ಕೂಗಿದ್ದಕ್ಕೆ ನರ್ಸ್ ಅವಳ ತೊಡೆಗೊಂದು ಏಟು ಹಾಕಿದಳು.

ಮರುವರ್ಷ ಭದ್ರಾವತಿ ಬಸ್ಸಿನಲ್ಲಿ ಅವಳ ಗಂಡ ನನ್ನ ಗುರುತು ಹಿಡಿದ. ಪಕ್ಕದಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಮಗು.

"ನಿಮ್ಮಲ್ಲಿ ಚೆನ್ನಾಗಿ ನೋಡ್ಕೊಂಡ್ರು ಸಾರ್. ಎರಡನೇದಕ್ಕೂ ಅಲ್ಲಿಗೇ ಬರ್ತೀವಿ."

ಅವಳು ಸೆರಗು ಎಳೆದುಕೊಂಡು ಕಿಟಕಿಯತ್ತ ತಿರುಗಿದಳು.

"ಇವಳಿಗೆ ನಾಚಿಕೆ ಜಾಸ್ತಿ," ಎಂದು ಅವನು ನಕ್ಕ.

ನಾಚಿಕೆಪಡಬೇಕಾದವರು ಶಿವಮೊಗ್ಗದಲ್ಲಿ ಡ್ಯೂಟಿ ಮೇಲಿದ್ದರು.