ಮರ್ಲ್ ಕದ್ದು ಕೇಳಿದ ಅರ್ಧ ಗುರುತು

ಮರ್ಲ್ ಪೆನ್ಹಾಲಳ ಏಪ್ರನ್ ಜೇಬಿನಲ್ಲಿ ಸದಾ ಒಂದು ಸ್ಕ್ಯಾನರ್ ಇರುತ್ತಿತ್ತು. ಅಂಗೈಯಗಲದ ಆ ಪೆಟ್ಟಿಗೆ ಊರಿನ ರೇಡಿಯೊ ಮಾತುಗಳನ್ನೆಲ್ಲ ಕೇಳಬಲ್ಲದು, ತಾನು ಮಾತಾಡಲಾರದು. ಒಡತಿಗೂ ಅದಕ್ಕೂ ಇರುವ ವ್ಯತ್ಯಾಸ ಅದೊಂದೇ ಎಂದು ರೇವಿನವರು ನಗುತ್ತಿದ್ದರು. ದಿನವಿಡೀ ಹವಾಮಾನ ಓದುವ ಚಾನೆಲ್ಲನ್ನೂ ಗೋಧಿ ಕಣಜದವರ ಗದ್ದಲವನ್ನೂ ಅವಳು ಪೆಟ್ಟಿಗೆ ಸರದಿಯಂತೆ ತಡಕುವ ಚಾನೆಲ್ಲುಗಳ ಸುತ್ತಿನಿಂದ ಹೊರಗಿಟ್ಟಿದ್ದಳು. ಕರಕರ ಅಡಗಿ, ಕ್ಷೀಣ ದನಿಯಷ್ಟೇ ನುಸುಳುವಂತೆ ಗುಂಡಿ ತಿರುಗಿಸಿದ್ದಳು. ದೋಣಿಯವರ ಚಾನೆಲ್ಲಿಗೆ ಮಾತ್ರ ಮೊದಲ ಮಣೆ: ಅಲ್ಲಿ ಯಾರಾದರೂ ಕೆಮ್ಮಿದರೂ ಪೆಟ್ಟಿಗೆ ಅತ್ತ ಜಿಗಿಯುತ್ತಿತ್ತು.

ಇಷ್ಟೆಲ್ಲ ಒಂದು ಗುಟ್ಟಿಗಾಗಿ. ಸಮುದ್ರದಿಂದ ನೋಡುವಾಗ ದಡದ ಎರಡು ವಸ್ತುಗಳು ಒಂದರ ಹಿಂದೊಂದು ಸೇರಿದರೆ ಒಂದು ಗೆರೆ. ಇನ್ನೊಂದು ಜೋಡಿ ಸೇರಿದರೆ ಇನ್ನೊಂದು. ಎರಡೂ ಕೂಡುವಲ್ಲಿ ವೈಟಿಂಗ್ ಮೀನಿನ ಹಿಂಡು. ಅಪ್ಪ ಆ ಗುರುತನ್ನು ರೂಢಿಯಂತೆ ಮಗನಿಗೆ ಮಾತ್ರ ಹೇಳಿ ಸತ್ತಿದ್ದ. ಮಗ ಎಂದರೆ ಕ್ಲಾರಿ, ಅವಳೇ ಮೂಗು ಒರೆಸಿ ಬೆಳೆಸಿದ ತಮ್ಮ.

ಆ ಭಾನುವಾರ ಅವಳು ಬಟ್ಟೆ ಒಣಹಾಕುತ್ತಿದ್ದಾಗ ಜೇಬಿನಿಂದ ನಾಯಿಯ ಏದುಸಿರು ಕೇಳಿಸಿತು. ಹಿಂದೆಯೇ ಕ್ಲಾರಿಯ ದನಿ:

“ಏಳೋ ಸ್ಪ್ರಾಟ್, ಹಗ್ಗದ ಮೇಲೆ ಮಲಗ್ಬೇಡ. ನೋಡು, ಇಗರ್ಜಿ ಶಿಲುಬೆ ಕಣಜದ ಎಡಗಡೆ ಮೂಲೆಗೆ ಬಂತು. ಇನ್ನೊಂದು ಸಿಕ್ಕಿದ್ರೆ ಲಂಗರು ಬಿಡೋದೇ.”

ನಾಯಿ ದೋಣಿಯ ರೇಡಿಯೊ ಮೈಕಿನ ಗುಂಡಿಯ ಮೇಲೆ ಮಲಗಿತ್ತು! ಮರ್ಲಳ ಕೈಯಿಂದ ಒದ್ದೆ ಪ್ಯಾಂಟು ಜಾರಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು. ಉಳಿದ ದೋಣಿಗಳೆಲ್ಲ ದಡ ಸೇರಿದ್ದವು. ಮೀನು ಸೀಳುವ ಮೇಜಿನ ಸುತ್ತ ನಿಂತವರೆಲ್ಲ ಇದೇ ಚಾನೆಲ್ ಹಾಕಿಕೊಂಡು ಕಿವಿ ನಿಮಿರಿಸಿರುತ್ತಾರೆ. ಮೈಕು ಒತ್ತಿರುವ ತನಕ ಕ್ಲಾರಿಗೆ ಯಾರ ಕರೆಯೂ ಕೇಳದು.

ಶೆಡ್ಡಿನಲ್ಲಿ ಅಪ್ಪನ ಹಳೆಯ ರೇಡಿಯೊ ಇತ್ತು, ಮೇಲೆ ಎತ್ತರದ ಏರಿಯಲ್. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಮಾತಾಡಿದರೆ ಬಲವಾದ ಅಲೆ ದುರ್ಬಲವಾದುದನ್ನು ನುಂಗುತ್ತದೆ; ಭೌತಶಾಸ್ತ್ರಕ್ಕೆ ಅಣ್ಣ ತಮ್ಮ ಅಕ್ಕ ತಂಗಿ ಎಂಬ ಭೇದವಿಲ್ಲ. ಅವಳು ಮಾತಾಡಿದರೆ ಊರಿಗೆ ಕ್ಲಾರಿ ಕೇಳಿಸನು. ಜೇಬಿನ ಸ್ಕ್ಯಾನರಿಗೂ ಕೇಳಿಸನು. ಆಯುಷ್ಯವಿಡೀ ಕಾದ ಮಾತು ಇನ್ನೊಂದು ಉಸಿರಿನಷ್ಟು ದೂರದಲ್ಲಿತ್ತು.

ಅವಳು ಒಂದು ಕೊಳಕು ಬೈಗುಳ ಬೈದು ಶೆಡ್ಡಿಗೆ ಓಡಿಹೋಗಿ ಮೈಕಿನ ಗುಂಡಿ ಒತ್ತಿದಳು.

“ಕೇಳ್ರಪ್ಪಾ ಎಲ್ರೂ! ಕುಂಬಳಕಾಯಿ ಸ್ಕೋನು ಮಾಡೋದು ಹೇಗೇಂದ್ರೆ, ಮೊದ್ಲು ಬೆಣ್ಣೇನ ಚೆನ್ನಾಗಿ ನಾದ್ಬೇಕು...”

ಬೆಣ್ಣೆ ಮುಗಿಯಿತು, ಸಕ್ಕರೆ ಮುಗಿಯಿತು. ಸ್ಕೋನು ಎಂಬ ಆ ಪುಟ್ಟ ಸಿಹಿ ರೊಟ್ಟಿ ಬೆಂದ ಮೇಲೂ ಮರ್ಲ್ ಗುಂಡಿ ಬಿಡದೆ, ಪಾದ್ರಿಯ ಹೆಂಡತಿ ಅದರ ರುಚಿಯನ್ನು ಹೇಗೆ ಕೆಡಿಸುತ್ತಾಳೆಂದು ವಿವರಿಸಿದಳು. ಉಸಿರು ಕಟ್ಟಿ ಕೈಬಿಟ್ಟಾಗ ಸ್ಕ್ಯಾನರಿನಲ್ಲಿ ಮೀನು ಸೀಳುವ ಡಡ್ಲಿ ಕಿರುಚುತ್ತಿದ್ದ: “ನಿನ್ ಸ್ಕೋನಿಗೆ ಬೆಂಕಿ ಬೀಳ! ಕ್ಲಾರಿ ಎರಡನೇದು ಹೇಳೇಬಿಡ್ತಿದ್ದ ಕಣೇ, ಹಾಳುಮಾಡಿದ್ಯಲ್ಲ!”

ಮಧ್ಯಾಹ್ನ ಕ್ಲಾರಿ ಅವಳ ಮನೆಯ ಗೇಟಿನ ಹತ್ತಿರ ನಿಂತ. ಮೈಕು ಒತ್ತಿಕೊಂಡೇ ಇದ್ದುದಕ್ಕೆ ರೇವಿನಲ್ಲಿ ಚೆನ್ನಾಗಿ ಉಗಿಸಿಕೊಂಡು ಬಂದಿದ್ದ.

“ಎಷ್ಟು ಕೇಳಿಸ್ಕೊಂಡೆ?”

“ಅರ್ಧ. ಊರಿಗೂ ಅಷ್ಟೇ.”

“ಉಳಿದರ್ಧ?”

“ನಾನೇ ಮುಚ್ಚಿದ್ನಲ್ಲೋ, ಪೆದ್ದಾ.”

ಕ್ಲಾರಿ ಟೋಪಿ ತೆಗೆದು ಅದರೊಳಗೆ ನೋಡಿದ. “ಹೆಣ್ಮಕ್ಕಳಿಗೆ ಹೇಳ್ಬೇಡ ಅಂದಿದ್ರು ಅಪ್ಪ.”

“ನಾಯಿಗೆ ಹೇಳು ಅಂದಿದ್ರಾ?”

ಅವನು ಟೋಪಿ ಮತ್ತೆ ಹಾಕಿಕೊಂಡ. “ಹೇಳಲ್ಲ. ತೋರಿಸ್ತೀನಿ. ದೋಣೀಲಿ ಇನ್ನೂ ಡೀಸೆಲ್ ಇದೆ. ಬೂಟು ಹಾಕ್ಕೊಂಡ್ ಬಾ.”

ಮರ್ಲ್ ಏಪ್ರನ್ ಬಿಚ್ಚಿ ಗೇಟಿಗೆ ನೇತುಹಾಕಿದಳು. ಬೂಟನ್ನು ಅವಳು ಅವನ ದೋಣಿ ರೇವಿಗೆ ಮರಳುವುದು ಕಂಡಾಗಲೇ ಹಾಕಿಕೊಂಡಾಗಿತ್ತು.